ನಾಲ್ಕು ಬೆರಳು ಮೇಲೆ

ದೇವರು ಮನುಷ್ಯನ ಕೈಯನ್ನು ಸೊಂಟ ದಾಟಿ ಇಳಿಯುವಷ್ಟು ಉದ್ದ ಮಾಡಿದ್ದಾನೆ. ಇಳಿದ ಕೈಯನ್ನು ಮೇಲೆತ್ತುವುದು ಭುಜದ ಕೆಲಸ. ಅಣ್ಣುವಿನ ಬಲಭುಜ ಸೈನ್ಯದಲ್ಲಿದ್ದಾಗಲೇ ಹಿಡಿದುಕೊಂಡಿತ್ತು. ಮೊಣಕೈ ಹಿಂದಕ್ಕೆ ಏಳುತ್ತಿರಲಿಲ್ಲ.

ಕಾಪುವಿನ ಚಿನ್ನದಂಗಡಿಯ ಬಾಗಿಲಲ್ಲಿ ಅವನು ಕಾವಲಿದ್ದ. ಸೊಂಟದಲ್ಲಿ ಅವನದೇ ಲೈಸೆನ್ಸಿನ ರಿವಾಲ್ವರ್. ಅದರ ಚರ್ಮದ ಚೀಲವನ್ನು ಒಂದು ತೊಗಲಿನ ಪಟ್ಟಿ ಹೊಲಿಸಿ, ಬೆಲ್ಟಿನಿಂದ ನಾಲ್ಕು ಬೆರಳು ಕೆಳಗೆ ತೂಗಿಸಿಕೊಂಡಿದ್ದ. ಸ್ಟೂಲಿನಲ್ಲಿ ಕೂತರೆ ಪಕ್ಕೆಗೆ ಒತ್ತುತ್ತಿರಲಿಲ್ಲ. ಕೈ ಸುಮ್ಮನೆ ಇಳಿಬಿಟ್ಟರೆ ಹಿಡಿ ತಾನಾಗಿ ಅಂಗೈಗೆ ಸಿಗುತ್ತಿತ್ತು.

ಅಂಗಡಿಯ ಒಡತಿ ಮನೋರಮಾ ಬಹಳ ಮೆಲುದನಿಯವಳು. ಒಂದು ಮಂಗಳವಾರ ಅಮ್ಮನ ಗುಡಿಯಿಂದ ಬಂದವಳು ಅಣ್ಣುವಿಗೆ ಪ್ರಸಾದ ಕೊಟ್ಟಳು. ಕೊಡುತ್ತಲೇ, ಬಳೆ ನೋಡಲು ಕೂತ ಹೆಂಗಸರ ಮೂಗಿನ ಮಟ್ಟಕ್ಕೆ ಬಂದೂಕು ಬರುತ್ತದೆ, ಅಸಹ್ಯ, ಮೇಲೆ ಕಟ್ಟಿಕೊಳ್ಳಿ ಎಂದಳು. ಅವನು ಭುಜದ ಸಂಗತಿ ಹೇಳಿದ.

"ಹಾಗಾದರೆ ಭುಜ ಸರಿ ಇದ್ದವರನ್ನು ಹುಡುಕಬೇಕಾ ಅಣ್ಣು?"

ಮತ್ತೆ ಕತ್ತರಿ ತರಿಸಿ ಆ ಪಟ್ಟಿಯನ್ನು ತಾನೇ ಕತ್ತರಿಸಿದಳು.

ಚೀಲ ಬೆಲ್ಟಿಗೆ ಏರಿತು. ಅಂದಿನಿಂದ ಕೂತರೆ ರಿವಾಲ್ವರಿನ ಹಿಡಿ ಪಕ್ಕೆಲುಬಿಗೆ ಚುಚ್ಚುವುದು, ಬಗ್ಗಿದರೆ ಸುಲಿದ ಚರ್ಮ ಉರಿಯುವುದು. ಶಂಕರಪುರದ ಮನೆಯಲ್ಲಿ ಹೆಂಡತಿ ಸುಭಾಷಿಣಿ ಮಲ್ಲಿಗೆ ಕಟ್ಟುವ ಬೆರಳುಗಳಿಂದಲೇ ಅಲ್ಲಿಗೆ ಎಣ್ಣೆ ಹಚ್ಚುವಳು. ಈ ಕೆಲಸ ಹೋದರೆ ಈ ವಯಸ್ಸಿನಲ್ಲಿ, ಈ ಭುಜಕ್ಕೆ ಇನ್ನೊಂದು ಸಿಗದು ಎಂದು ಇಬ್ಬರಿಗೂ ಗೊತ್ತು. ರಿವಾಲ್ವರ್ ಎಳೆಯುವ ಪ್ರಸಂಗವೇ ಬೇಡವೆಂದು ಅಣ್ಣು ದಿನವೂ ದೀಪದ ಮುಂದೆ ನಿಂತು ಒಂದೇ ಮಾತು ಕೇಳುತ್ತಿದ್ದ: "ಅಮ್ಮಾ, ಈ ಕೈಗೆ ಕೆಲಸ ಬಾರದಿರಲಿ."

ಒಂದು ಮಧ್ಯಾಹ್ನ ಹೆಲ್ಮೆಟ್ ಹಾಕಿದವನೊಬ್ಬ ತಲವಾರು ಹಿಡಿದು ಒಳಗೆ ನುಗ್ಗಿದ. ಅಣ್ಣುವಿನ ಕೈ ಇಳಿದದ್ದು ಹಳೆಯ ಜಾಗಕ್ಕೆ. ಅಲ್ಲಿ ಬರೀ ಪ್ಯಾಂಟು. ಮೇಲೆ ತಡಕಿ ಹಿಡಿ ಸಿಕ್ಕಿತು, ಆದರೆ ಮೊಣಕೈ ಏಳಲಿಲ್ಲ. ರಿವಾಲ್ವರ್ ಅರ್ಧ ಹೊರಬಂದು ಅಲ್ಲೇ ನಿಂತಿತು. ಅವನು ಹಲ್ಲು ಕಚ್ಚಿ ಎಳೆಯುತ್ತಲೇ ಇದ್ದ.

ಬಂದವನು ಹೆಲ್ಮೆಟ್ ತೆಗೆದ. ಮನೋರಮಾಳ ಮಗ ಜಿತೇಶ್. ಅವನು ಮೊದಲೇ ಇಟ್ಟಿದ್ದ ಮೊಬೈಲು ಕೌಂಟರಿನ ಮೇಲಿಂದ ಎಲ್ಲವನ್ನೂ ಹಿಡಿಯುತ್ತಿತ್ತು.

"ಎಂತ ಮಿಲಿಟ್ರಿ, ಸೊಂಟ ಕೆರೆದುಕೊಂಡು ಆಯ್ತಾ?"

ಅಂಗಡಿ ನಕ್ಕಿತು. ಸಂಜೆಯೊಳಗೆ ಆ ವಿಡಿಯೋ ನೋಡಿ ಕಾಪು ಪೇಟೆಯೂ ನಕ್ಕಿತು.

ಮರುದಿನ ಮನೋರಮಾ ಅಣ್ಣುವನ್ನು ಕರೆದು, ಇಷ್ಟು ನಿಧಾನದವರನ್ನು ಬಾಗಿಲಲ್ಲಿ ಕೂರಿಸಿದರೆ ಗಿರಾಕಿಗಳು ನಂಬುವುದಿಲ್ಲ ಎಂದಳು. ಮನೆಗೆ ಹೊರಡುವ ಮೊದಲು ಅವನು ರಿವಾಲ್ವರ್ ಬಿಚ್ಚಿ, ಗುಂಡುಗಳನ್ನು ಒಂದೊಂದಾಗಿ ಗಾಜಿನ ಮೇಲೆ ಇಟ್ಟ. ಅಲ್ಲೇ ಇದ್ದ ಜಿತೇಶನ ಮುಖ ಬಿಳಿಚಿತು.

"ಅದು ಖಾಲಿ ಅಲ್ವಾ?"

"ಖಾಲಿ ಗನ್ನಿಗೆ ಯಾರು ಸಂಬಳ ಕೊಡ್ತಾರೆ ಮಾರಾಯ?" ಎಂದು ಅಣ್ಣು ಒಡತಿಯ ಕಡೆ ತಿರುಗಿದ. "ಚೀಲ ಮೊದಲಿನ ಹಾಗೆ ಕೆಳಗೆ ಇದ್ದಿದ್ದರೆ ನಿಮ್ಮ ಮಗ ಇವತ್ತು ಇಲ್ಲಿ ನಿಂತಿರುತ್ತಿರಲಿಲ್ಲ ಅಕ್ಕ. ನಾನು ನಿಧಾನ ಆದದ್ದಕ್ಕೆ ಅವ ಉಳಿದ."

ಮನೋರಮಾ ಗುಂಡುಗಳನ್ನು ನೋಡಿದಳು, ಮಗನನ್ನು ನೋಡಿದಳು. ಕಣ್ಣು ಒದ್ದೆಯಾಯಿತು. ಅಣ್ಣುವಿಗೆ ಒಂದು ಕ್ಷಣ, ಕೆಲಸ ಉಳಿಯಿತು ಅನಿಸಿತು.

"ಚೀಲ ಮೇಲೆ ಕಟ್ಟಿಸಿದ್ದು ನಾನಲ್ವಾ?" ಎಂದು ಅವಳು ಕೈಮುಗಿದಳು. "ಅಮ್ಮನೇ ನನ್ನ ಬಾಯಲ್ಲಿ ಆ ಮಾತು ಬರಿಸಿದ್ದು. ನನ್ನ ಮಗನನ್ನು ನಾನೇ ಉಳಿಸಿಕೊಂಡೆ."

ಗುಂಡುಗಳನ್ನು ಅವನತ್ತ ಸರಿಸಿ, ಇನ್ನು ಹೊರಡಿ ಎಂದಳು.

ಅವನ ಜಾಗಕ್ಕೆ ವಿಕಾಸ್ ಎಂಬ ಗಟ್ಟಿಮುಟ್ಟಾದ ಹುಡುಗ ಬಂದ. ಅವನ ಚೀಲ ಬೆಲ್ಟಿನಿಂದ ಕೆಳಗೆ, ತೊಡೆಯ ಮೇಲೆಯೇ ತೂಗುತ್ತದೆ. ಬಳೆ ನೋಡುವ ಹೆಂಗಸರು ಈಗಲೂ ಅಲ್ಲೇ ಕೂರುತ್ತಾರೆ. ಅಸಹ್ಯ ಎಂದು ಯಾರೂ ಹೇಳಿಲ್ಲ.

ಮುಂದಿನ ಮಂಗಳವಾರ, ಮಗ ಉಳಿದದ್ದಕ್ಕೆ ಅಮ್ಮನಿಗೆ ಹೂವಿನ ಪೂಜೆ ಎಂದು ಮನೋರಮಾಳ ಮನೆಯಿಂದ ಶಂಕರಪುರಕ್ಕೆ ರಾಶಿ ಮಲ್ಲಿಗೆಗೆ ಹೇಳಿಕಳುಹಿಸಿದರು. ಅದರಲ್ಲಿ ಒಂದು ಪಾಲು ಸುಭಾಷಿಣಿಯ ಜಗಲಿಗೂ ಬಂತು. ಅಣ್ಣು ಕಂಬಕ್ಕೆ ಒರಗಿ ಕೂತು ನೋಡುತ್ತಿದ್ದ. ಪಕ್ಕೆಯ ಗಾಯ ಒಣಗಿತ್ತು.

"ದಿನಾ ಕೇಳಿದ್ದು ನೀವೇ ಅಲ್ವಾ, ಕೈಗೆ ಕೆಲಸ ಬಾರದಿರಲಿ ಅಂತ," ಎಂದಳು ಅವಳು, ಹೂವಿನಿಂದ ಕಣ್ಣು ತೆಗೆಯದೆ. "ಅಮ್ಮ ಕೊಟ್ಟಳು."

ಮತ್ತೆ ಹೂ ಕಟ್ಟುವ ಬಾಳೆನಾರಿನ ತುದಿಯನ್ನು ಅವನ ಬಲಗೈಗೆ ಕೊಟ್ಟಳು. ಅದನ್ನು ಹಿಡಿಯಲು ಭುಜ ಎತ್ತಬೇಕಾಗಿರಲಿಲ್ಲ.