ದಿನಕ್ಕೆ ಅರವತ್ತು

ಫಲಿತಾಂಶದ ಹಾಳೆಯನ್ನು ಗೋಡೆಗೆ ಅಂಟಿಸಿದ್ದು ಅವಳೇ. ಅದೂ ಅವಳ ಕೆಲಸದಲ್ಲಿ ಸೇರಿತ್ತು. ನಾಲ್ಕೂ ಮೂಲೆಗೆ ಟೇಪು ಹಚ್ಚಿ, ಅಂಗೈಯಿಂದ ಸವರಿ, ಎರಡು ಹೆಜ್ಜೆ ಹಿಂದೆ ಸರಿದು ಹಾಳೆ ಸೊಟ್ಟಗಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ತನ್ನ ಸಂಖ್ಯೆ ಹುಡುಕಿದಳು. ವರ್ಗೀಕರಣ, ಪ್ರಾಯೋಗಿಕ: ನಲವತ್ತೇಳು. ಪಾಸಾಗಲು ಐವತ್ತು ಬೇಕಿತ್ತು.

"ಕಾರ್ಡಕ್ಕ, ನಂಗೆ ಎಪ್ಪತ್ತೆರಡು" ಎಂದು ಒಬ್ಬ ವಿದ್ಯಾರ್ಥಿನಿ ಹಿಂದಿನಿಂದ ಬಂದು ತೋಳು ಹಿಡಿದಳು. "ನೀವು ಲ್ಯಾಬಲ್ಲಿ ಹೇಳಿಕೊಟ್ಟಿದ್ದೇ ಬಂದಿತ್ತು. ನಿಮ್ದೆಷ್ಟು?"

"ನಂದಾ? ಇನ್ನೂ ಕನ್ನಡಕ ಹಾಕ್ಕೊಂಡಿಲ್ಲ ಕಣೇ."

ಕನ್ನಡಕ ಮೂಗಿನ ಮೇಲೇ ಇತ್ತು. ಹುಡುಗಿ ನಗಲಿಲ್ಲ, ತೋಳು ಬಿಟ್ಟು ಮೆಲ್ಲಗೆ ಹೋದಳು.

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವಳು ಪುಸ್ತಕಗಳ ಕಾರ್ಡು ಟೈಪ್ ಮಾಡಲು ಸೇರಿ ಇಪ್ಪತ್ತಮೂರು ವರ್ಷವಾಗಿತ್ತು. ಕಾರ್ಡು ಹೋಗಿ ಕಂಪ್ಯೂಟರ್ ಬಂದರೂ ಕಾರ್ಡಕ್ಕ ಎಂಬ ಹೆಸರು ಹೋಗಲಿಲ್ಲ. ಗುತ್ತಿಗೆಯೂ ಹೋಗಲಿಲ್ಲ, ವರ್ಷವರ್ಷವೂ ನವೀಕರಣ. ಎರಡು ವರ್ಷದ ಹಿಂದೆ ಗ್ರಂಥಾಲಯ ವಿಜ್ಞಾನ ವಿಭಾಗದ ಮರದ ಫಲಕ ಇಳಿಸಿ 'ಮಾಹಿತಿ ಅಧ್ಯಯನ ಶಾಲೆ' ಎಂಬ ಗಾಜಿನ ಫಲಕ ಏರಿಸಿದರು. ಇದ್ದ ಒಂದು ಪದವಿ ನಾಲ್ಕಾಯಿತು: ಮಾಹಿತಿ ವಿಜ್ಞಾನ, ದತ್ತಾಂಶ ನಿರ್ವಹಣೆ, ದಾಖಲೆ ಸಂರಕ್ಷಣೆ, ನಾಲ್ಕನೆಯದರ ಹೆಸರನ್ನು ಅದನ್ನು ಕಲಿಸುವವರೂ ಒಂದೇ ಉಸಿರಿಗೆ ಹೇಳಲಾರರು. ಅಧ್ಯಾಪಕರಿಗೆ ಹೊಸ ಕೋಣೆ ಸಿಕ್ಕಿತು. ಗುತ್ತಿಗೆಯವರಿಗೆ ಸುತ್ತೋಲೆ ಸಿಕ್ಕಿತು: ಎರಡು ವರ್ಷದೊಳಗೆ ಸ್ನಾತಕೋತ್ತರ ಪದವಿ ಪಡೆಯದವರ ಗುತ್ತಿಗೆ ಮುಂದುವರಿಯುವುದಿಲ್ಲ.

ಹಾಗಾಗಿ ಹಗಲು ಲ್ಯಾಬಿನಲ್ಲಿ ವಿದ್ಯಾರ್ಥಿಗಳಿಗೆ ವರ್ಗೀಕರಣ ಹೇಳಿಕೊಟ್ಟವಳು ಸಂಜೆ ಅವರದೇ ಹಿಂದಿನ ಬೆಂಚಿನಲ್ಲಿ ಕೂತು ಅದನ್ನೇ ಬರೆದುಕೊಂಡಳು. "ಪುಸ್ತಕ ಎತ್ತಿಡೋಕೆ ಎಷ್ಟು ಸಲ ಓದ್ಬೇಕೇ ತಾಯಿ?" ಎಂದು ಮನೆಯಲ್ಲಿ ಅತ್ತೆ ಕೇಳಿದ್ದರು. ದರ್ಜಿಯಾದ ಗಂಡ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ಕತ್ತರಿ ಹಿಡಿಯೋಕೂ ಪದವಿ ಬೇಕು ಅಂತಾರೆ ನೋಡ್ತಿರು" ಎಂದಿದ್ದ. ಎಲ್ಲ ಮುಗಿದು ಉಳಿದದ್ದು ಇದೊಂದೇ ವಿಷಯ. ಮೂರು ಅಂಕ.

ಅರ್ಜಿ ಕೊಟ್ಟು ಉತ್ತರಪತ್ರಿಕೆ ತರಿಸಿ ನೋಡಿದಳು. ಪರೀಕ್ಷೆಯಲ್ಲಿ ಮೇಜಿನ ಮೇಲೆ ಐದು ಪುಸ್ತಕ ಇಟ್ಟಿದ್ದರು. ಬೆನ್ನಿನ ಚೀಟಿಗಳನ್ನು ಮುಚ್ಚಿದ್ದರು. ಪ್ರತಿಯೊಂದರ ವಿಷಯವನ್ನೂ ಅದು ಸೇರಬೇಕಾದ ಅರೆಯ ಸಂಖ್ಯೆಯನ್ನೂ ಬರೆಯಬೇಕು. ಐದನೆಯದು 'ಬಟ್ಟೆಗೆ ಬಣ್ಣ ಹಾಕುವ ಕೆಲಸ'. ಪರಿವಿಡಿಯೇ ಇಲ್ಲದ ಹಳೆಯ ಪುಸ್ತಕ. ಮೊದಲ ಅಧ್ಯಾಯದಲ್ಲಿ ಬಣ್ಣದ ತೊಟ್ಟಿಗಳ ವರ್ಣನೆ. ಉಳಿದ ಹನ್ನೊಂದರಲ್ಲಿ ಆ ತೊಟ್ಟಿಗಳಲ್ಲಿ ನಿಂತವರು: ಸೀಳು ಬಿಟ್ಟ ಅಂಗೈ, ನಿಲ್ಲದ ಕೆಮ್ಮು, ಚಮಚ ಹಿಡಿಯಲಾಗದ ಮೂವತ್ತೆರಡು ವರ್ಷದ ಹೆಂಗಸು. ಅವಳು 'ಕಾರ್ಮಿಕರ ಆರೋಗ್ಯ' ಎಂದು ಬರೆದಿದ್ದಳು. ಸೊನ್ನೆ ಬಂದಿತ್ತು. ಮಾದರಿ ಉತ್ತರದಲ್ಲಿ 'ಬಣ್ಣಗಾರಿಕೆ, ತಂತ್ರ' ಎಂದಿತ್ತು.

ಮಾದರಿ ಉತ್ತರ ಎಲ್ಲಿಂದ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಇದ್ದದ್ದನ್ನೇ ಇಳಿಸಿಕೊಳ್ಳುತ್ತಾರೆ. ಹಿಂದಿನ ಕೋಣೆಯಲ್ಲಿ ಹಳೆಯ ಕಾರ್ಡುಗಳ ಕಪಾಟು ಇನ್ನೂ ಇತ್ತು. ಖಾನೆ ಎಳೆದು ಕಾರ್ಡು ಹುಡುಕಿದಳು. ಬಲಗಡೆಯ ಕೆಳಮೂಲೆಯಲ್ಲಿ, ಮಾಡಿದವರ ಗುರುತು ಹಾಕುವ ಜಾಗದಲ್ಲಿ, ಅವಳದೇ ಹೆಸರಿನ ಮೊದಲ ಎರಡು ಅಕ್ಷರಗಳಿದ್ದವು.

ಸೇರಿದ ಮೊದಲ ವರ್ಷ. ದಿನಕ್ಕೆ ಅರವತ್ತು ಪುಸ್ತಕ. ಅರವತ್ತು ಆಗದವರನ್ನು ಸೋಮವಾರ ಕರೆಯುತ್ತಿರಲಿಲ್ಲ. ಒಂದಕ್ಕೆ ಎಂಟು ನಿಮಿಷ. ಕಾರ್ಡು ಟೈಪ್ ಮಾಡುವುದು, ಮುದ್ರೆ ಒತ್ತುವುದು, ಬೆನ್ನಿಗೆ ಚೀಟಿ ಅಂಟಿಸುವುದು ಎಲ್ಲ ಅದರಲ್ಲೇ. ಓದಲು ಉಳಿಯುತ್ತಿದ್ದದ್ದು ಹೆಸರು, ಮೊದಲ ಎರಡು ಪುಟ. ತೊಟ್ಟಿಯವರೆಗೆ ಬಂದು ನಿಂತಿದ್ದಳು. ತೊಟ್ಟಿಯೊಳಗಿದ್ದವರನ್ನು ಕಂಡಿರಲಿಲ್ಲ.

"ಸಿಕ್ತಾ ಕಳ್ಳ?" ಎಂದು ಏಣಿಮಾಮ ಬಾಗಿಲಲ್ಲಿ ಕೇಳಿದ. ಮೇಲಿನ ಅರೆಗಳಿಂದ ಪುಸ್ತಕ ಇಳಿಸುವ ಹಳೆಯ ಅಟೆಂಡರು ಅವನು.

"ಸಿಕ್ತು ಮಾಮ. ನಾನೇ."

ಎಲ್ಲ ಕೇಳಿಸಿಕೊಂಡು ಅವನು ದನಿ ತಗ್ಗಿಸಿದ. "ಕಂಪ್ಯೂಟರ್ ನಿನ್ ಕೈಯಲ್ಲೇ ಇದೆಯಲ್ಲ. ಈಗ್ಲೇ ತಿದ್ದಿಬಿಡು, ಆಮೇಲೆ ತೆಗೆದು ತೋರಿಸು. ಯಾರಪ್ಪನ ಗಂಟು ಹೋಗುತ್ತೆ?"

"ತಿದ್ದೋಕೆ ತಿದ್ದುಪಡಿ ಚೀಟಿ ಬೇಕು. ಚೀಟಿಗೆ ನಿರ್ದೇಶಕರ ಸಹಿ ಬೇಕು."

"ಇಷ್ಟು ವರ್ಷ ನಿಯಮ ಅಂತ ಒದ್ದಾಡಿ ಏನ್ ಸಿಕ್ತು ನಿಂಗೆ?"

"ಕನ್ನಡಕ."

ಶಾಲೆಯನ್ನೂ ಗ್ರಂಥಾಲಯವನ್ನೂ ನೋಡಿಕೊಳ್ಳುವ ನಿರ್ದೇಶಕರು ಕೆಟ್ಟವರಲ್ಲ. ಕೂರಲು ಹೇಳಿದರು. ಹಳೆಯ ಕಾರ್ಡನ್ನೂ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಪುಸ್ತಕ ತೆರೆಯಲಿಲ್ಲ.

"ನೋಡಿ, ನಮಗೆ ಕ್ಯಾಟಲಾಗೇ ಪ್ರಮಾಣ. ಅದನ್ನೇ ಅನುಮಾನಿಸಿದ್ರೆ ಪರೀಕ್ಷೆ ನಡೆಸೋದು ಹೇಗೆ?"

"ಆ ಕ್ಯಾಟಲಾಗ್ ಬರೆದವಳು ನಾನೇ ಸರ್. ಆವತ್ತು ಬರೆದಿದ್ದು ತಪ್ಪು. ಪರೀಕ್ಷೆಯಲ್ಲಿ ಬರೆದಿದ್ದು ಸರಿ."

"ಅಂದ್ರೆ ನಿಮ್ಮ ತಪ್ಪಿಗೆ ನಾನು ನಿಮಗೇ ಅಂಕ ಕೊಡ್ಬೇಕು." ಅವರು ತಮ್ಮ ಮಾತಿಗೆ ತಾವೇ ನಕ್ಕರು. ಆಮೇಲೆ ಅವಳ ಮುಖ ನೋಡಿ ನಗೆ ನುಂಗಿದರು. "ಒಂದು ಕೆಲಸ ಮಾಡಿ. ಮೂರು ಕೃಪಾಂಕ ಕೊಡೋ ಅಧಿಕಾರ ನನಗಿದೆ. ಮಾದರಿ ಉತ್ತರದ ಮೇಲೆ ಆಕ್ಷೇಪವಿಲ್ಲ ಅಂತ ಬರೆದುಕೊಡಿ. ಪಾಸಾಗ್ತೀರಿ, ಕೆಲಸ ಉಳಿಯುತ್ತೆ. ನಾಳೆ ತಂದುಕೊಡಿ ಸಾಕು."

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಳು. ಒಂದು ಸಾಲು. ಇಪ್ಪತ್ತಮೂರು ವರ್ಷದಲ್ಲಿ ಇಂಥ ಎಷ್ಟು ಸಾಲಿಗೆ ಸಹಿ ಹಾಕಿಲ್ಲ. ಎದುರು ಸೀಟಿನವನ ಕೈ ಕಂಬಿ ಹಿಡಿದಿತ್ತು. ಸಾದಾ ಕೈ. ಅದನ್ನು ನೋಡುತ್ತ ಅವಳಿಗೆ ಇನ್ನೊಂದು ಕೈ ನೆನಪಾಯಿತು.

ಹೋದ ವರ್ಷ ಒಬ್ಬ ಕೌಂಟರಿಗೆ ಬಂದಿದ್ದ. ಉಗುರಿನ ಸುತ್ತ ನೀಲಿ. ಬಣ್ಣದ ಕಾರ್ಖಾನೆಯವನು, ಏನೋ ಕೇಸು ನಡೆಯುತ್ತಿದೆ ಎಂದಿದ್ದ. "ನಮ್ ಕೈ ಹಿಂಗಾಗೋದು ಕೆಲಸದಿಂದ್ಲೇ ಅಂತ ಎಲ್ಲಾದ್ರೂ ಬರೆದಿದೆಯಾ ಅಕ್ಕ? ಪುಸ್ತಕದಲ್ಲಿ ಇದ್ರೆ ತಗೊಂಡ್ ಬಾ ಅಂದಿದಾರೆ." ಅವಳು ಮೂರು ರೀತಿಯಲ್ಲಿ ಹುಡುಕಿದ್ದಳು. ಕಾರ್ಮಿಕರು, ಚರ್ಮರೋಗ, ಉದ್ಯೋಗದ ಕಾಯಿಲೆ. ಬಣ್ಣದ ಕೆಲಸದವರ ಬಗ್ಗೆ ಒಂದೂ ಬಂದಿರಲಿಲ್ಲ. "ಇಲ್ಲಣ್ಣ, ನಮ್ಮಲ್ಲಿಲ್ಲ." ಅವನು ಕೈಮುಗಿದು ಹೋಗಿದ್ದ. ಪರೀಕ್ಷೆಗೆ ಇಟ್ಟಿದ್ದ ಆ ಪುಸ್ತಕ ಆಗಲೂ ಮೂರನೆಯ ಮಹಡಿಯಲ್ಲೇ ಇತ್ತು, ಬಣ್ಣ ಬೆರೆಸುವ ವಿಧಾನಗಳ ನಡುವೆ. ಅವನ ಹೆಸರು ಅವಳು ಕೇಳಿರಲಿಲ್ಲ. 'ಇಲ್ಲ' ಎನ್ನಲು ಹೆಸರು ಬೇಕಾಗುವುದಿಲ್ಲ.

ಮನೆಯಲ್ಲಿ ಗಂಡ ಕೇಳಿದ, "ಬರೆದುಕೊಟ್ಟರೆ ಮುಗೀತಲ್ಲ?"

"ಮುಗೀತು."

"ಮತ್ತೆ?"

"ಅವನು ಇನ್ನೊಂದ್ಸಲ ಬಂದ್ರೆ ಏನ್ ಹೇಳ್ಲಿ?"

ಗಂಡ ಸೂಜಿಗೆ ದಾರ ಪೋಣಿಸುವುದರಲ್ಲಿದ್ದ. ಎರಡು ಸಲ ತಪ್ಪಿತು. "ನಿಂಗೆ ಬಿಟ್ಟಿದ್ದು" ಎಂದ. ಅತ್ತೆ ಮಗನ ಮುಖ ನೋಡಿ ದೀಪವನ್ನು ಅವನ ಹತ್ತಿರ ಸರಿಸಿದರು.

ಮರುದಿನ ಅವಳು ತಿದ್ದುಪಡಿ ಚೀಟಿಯನ್ನೇ ತುಂಬಿದಳು. ಇದ್ದದ್ದು, ಇರಬೇಕಾದದ್ದು, ತಪ್ಪು ಮಾಡಿದವರು. ಮೂರನೆಯ ಕಡೆ ತನ್ನ ಪೂರ್ತಿ ಹೆಸರು ಬರೆದಳು. 'ಕಾರಣ' ಎಂಬಲ್ಲಿ ಬರೆದಳು: ದಿನಕ್ಕೆ ಅರವತ್ತು.

ನಿರ್ದೇಶಕರು ಈ ಸಲ ಓದಿದರು. "ಇದಕ್ಕೆ ಸಹಿ ಹಾಕಿದ್ರೆ ಕೃಪಾಂಕದ ಮಾತಿಲ್ಲ. ಆಕ್ಷೇಪ ನೀವೇ ದಾಖಲೆ ಮಾಡಿದ ಹಾಗಾಯ್ತು."

"ಮರುಮೌಲ್ಯಮಾಪನ ಸರ್?"

"ಪರೀಕ್ಷೆಯ ದಿನ ಕ್ಯಾಟಲಾಗಿನಲ್ಲಿ ಏನಿತ್ತೋ ಅದೇ ಸರಿ ಉತ್ತರ. ಇವತ್ತು ತಿದ್ದಿದ್ದು ಇವತ್ತಿಂದ."

"ಹಾಕಿ ಸರ್."

ಅವರು ಹಾಕಿದರು. ಗುತ್ತಿಗೆ ಮುಗಿಯಲು ಹನ್ನೊಂದು ವಾರವಿತ್ತು, ಮುಂದಿನ ಪರೀಕ್ಷೆಗೆ ಆರು ತಿಂಗಳು.

ಹಳೆಯ ಚೀಟಿಯನ್ನು ಒದ್ದೆ ಬಟ್ಟೆಯಿಂದ ನೆನೆಸಿ ಕೆರೆದು, ಹೊಸದು ಅಂಟಿಸಿ, ಪುಸ್ತಕವನ್ನು ಅವಳೇ ಹೊತ್ತುಕೊಂಡು ಕಾರ್ಮಿಕರ ಆರೋಗ್ಯದ ಅರೆಗೆ ಹೋದಳು. ಅಲ್ಲಿ ಇದ್ದದ್ದು ಎರಡೇ ಪುಸ್ತಕ, ಒಂದಕ್ಕೊಂದು ಒರಗಿಕೊಂಡು. ಜಾಗ ಮಾಡಲು ಏನನ್ನೂ ಸರಿಸಬೇಕಾಗಲಿಲ್ಲ.

ಅರೆಯಲ್ಲಿ ಉಳಿದ ಖಾಲಿ ಜಾಗದ ಮೇಲೆ ಕೈ ಆಡಿಸಿದಳು. ಎರಡೇ ಇರಲು ಹೇಗೆ ಸಾಧ್ಯ? ದಿನಕ್ಕೆ ಅರವತ್ತು, ವಾರಕ್ಕೆ ಮುನ್ನೂರು, ಆ ಮೊದಲ ವರ್ಷವಿಡೀ.

"ಮಾಮ, ಏಣಿ ತಗೊಂಡ್ ಬನ್ನಿ."

"ಯಾವ ಅರೆಗೆ?"

"ಗಣಿಗಾರಿಕೆ, ತಂತ್ರ. ಮೊದಲನೇದ್ರಿಂದ."

ಅವನು ಇಳಿಸಿಕೊಟ್ಟ ಮೊದಲ ಪುಸ್ತಕವನ್ನು ತೆಗೆದುಕೊಂಡು, ಮೊಣಕಾಲು ನೋಯುತ್ತಿದ್ದುದರಿಂದ ಏಣಿಯ ಕೆಳಗಿನ ಮೆಟ್ಟಿಲ ಮೇಲೇ ಕೂತಳು. ಹೆಸರು ನೋಡಲಿಲ್ಲ. ಮೂರನೆಯ ಪುಟ ತೆರೆದಳು.