ಅಪ್ಪ ಬೆರಳು ತೋರಿಸಿದ ಕಡೆ

ಅಕ್ಕನ ಷರತ್ತಿನಲ್ಲಿ ಗೊಂದಲವೇನೂ ಇರಲಿಲ್ಲ. ನನ್ನ ಮನೆಯಿಂದ ಅವಳ ಮನೆಗೆ ನೂರಾ ಹತ್ತು ಕಿಲೋಮೀಟರು. ಎರಡು ಸೈಕಲ್ಲು, ಅಪ್ಪ ಮುಂದೆ, ನಾನು ಹಿಂದೆ. ಒಂದೂ ತಪ್ಪು ಮಾಡದೆ ಬಂದರೆ ಸೈಕಲ್ಲು ಅಪ್ಪನ ಹತ್ತಿರವೇ ಇರುತ್ತದೆ. ತಪ್ಪಿದರೆ ಅವತ್ತೇ ಅದನ್ನು ಯಾರಿಗಾದರೂ ಕೊಟ್ಟುಬಿಡುವುದು.

"ನೀನು ಅಪ್ಪನ ಪಾರ್ಟಿ ಅಂತ ಗೊತ್ತು," ಎಂದಳು ಫೋನಿನಲ್ಲಿ. "ಆದ್ರೂ ನಿನ್ನನ್ನೇ ನಂಬ್ತಾ ಇದೀನಿ. ಏನಾದ್ರೂ ಆದ್ರೆ ಮುಚ್ಚಿಡಬೇಡ ಕಣೇ."

ಅಕ್ಕ ಕೆಟ್ಟವಳಲ್ಲ. ಔಷಧಿ ಅಂಗಡಿಯಲ್ಲಿ ಕೂತು ದಿನವಿಡೀ ಬೇರೆಯವರ ಕಾಯಿಲೆಯ ಚೀಟಿ ಓದುವವಳಿಗೆ ಭಯ ಸ್ವಲ್ಪ ಜಾಸ್ತಿ, ಅಷ್ಟೆ. ಎರಡು ತಿಂಗಳ ಹಿಂದೆ ಅಪ್ಪ ಬ್ರೆಡ್ಡು ತರಲು ಸೈಕಲ್ಲಿನಲ್ಲಿ ಹೋಗಿ ನಡೆದುಕೊಂಡು ವಾಪಸು ಬಂದಿದ್ದ. "ನಾನು ನಡೆದೇ ಹೋಗಿದ್ದೆ" ಎಂದು ಅವನ ವಾದ ಬೇರೆ. ಸೈಕಲ್ಲು ಅಂಚೆ ಕಚೇರಿಯ ಗೋಡೆಗೆ ಒರಗಿಕೊಂಡಿತ್ತು. ಡಾಕ್ಟರು ಏನೇನೋ ಚಿತ್ರ ತೋರಿಸಿ, ಗಡಿಯಾರ ಬರೆಸಿ, ನೆನಪು ಸವೆಯುತ್ತಿದೆ ಎಂದರು. ಮೂವತ್ತು ವರ್ಷ ಸೈಕಲ್ಲಿನ ಮೇಲೆ ಮನೆಮನೆ ತಿರುಗಿ ನೀರಿನ ಮೀಟರು ಓದಿದ ಮನುಷ್ಯ. ಸೈಕಲ್ಲು ಕಿತ್ತುಕೊಂಡರೆ ಅವನಲ್ಲಿ ಇನ್ನೇನು ಉಳಿಯುತ್ತದೆ?

ಬೆಳಿಗ್ಗೆ ಆರಕ್ಕೆ ಹೊರಟೆವು. ಮೊದಲ ನಲವತ್ತು ಕಿಲೋಮೀಟರು ಕಲ್ಲು ಕ್ವಾರಿಯ ಹಿಂದಿನ ಕಚ್ಚಾ ದಾರಿ. ಜಲ್ಲಿ, ಕೊರಕಲು, ಮೊಣಕಾಲೆತ್ತರದ ಒಣಹುಲ್ಲು. ಅಪ್ಪ ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿ, ಎರಡೂ ಸೈಕಲ್ಲಿನಿಂದ ಚೂರು ಗಾಳಿ ಇಳಿಸಿದ. ಜಲ್ಲಿಯ ಮೇಲೆ ಗಟ್ಟಿ ಟೈರು ಪುಟಿಯುತ್ತದೆ ಎಂಬುದು ಅವನಿಗೆ ಮರೆತಿರಲಿಲ್ಲ. ನನಗೆ ಮರೆತಿತ್ತು!

"ಮೈ ಬಿಗಿ ಹಿಡೀಬೇಡ ಪುಟ್ಟಿ, ಮೊಣಕೈ ಸಡಿಲ ಬಿಡು," ಎಂದು ಹಿಂದೆ ತಿರುಗದೆಯೇ ಕೂಗಿದ. ಎಪ್ಪತ್ತೊಂದು ವಯಸ್ಸು. ನಾನು ನಲವತ್ತೊಂದಕ್ಕೇ ಏದುಸಿರು ಬಿಡುತ್ತಿದ್ದೆ.

ಹೀಗೆ ಒಬ್ಬರ ಹಿಂದೊಬ್ಬರು ಸೈಕಲ್ಲು ಓಡಿಸುವವರಿಗೆ ಒಂದು ಕೈಭಾಷೆ ಇದೆ. ಹಿಂದಿನವರಿಗೆ ಮುಂದಿನ ಸೈಕಲ್ಲೇ ಅಡ್ಡ, ರಸ್ತೆ ಕಾಣುವುದಿಲ್ಲ. ಆದ್ದರಿಂದ ಮುಂದಿನವರು ಗುಂಡಿ ಕಂಡ ಕಡೆಗೆ ಬೆರಳು ತೋರಿಸಬೇಕು. ಎಡಕ್ಕೆ ತೋರಿಸಿದರೆ ಗುಂಡಿ ಎಡಕ್ಕಿದೆ, ನೀನು ಬಲಕ್ಕೆ ಸರಿ ಎಂದರ್ಥ. ನನಗೆ ಹನ್ನೊಂದು ವರ್ಷವಿದ್ದಾಗ ಅಪ್ಪನೇ ಇದನ್ನು ಕಲಿಸಿದ್ದು. "ಬೆರಳು ಅಪಾಯಕ್ಕೆ, ದಾರಿಗಲ್ಲ" ಎಂದು ನೂರು ಸಲ ಹೇಳಿಸಿದ್ದ. ಆ ಕಚ್ಚಾ ದಾರಿಯಲ್ಲಿ ಅವನ ಬೆರಳು ಒಂದು ಸಲವೂ ತಪ್ಪಲಿಲ್ಲ. ಅಕ್ಕನಿಗೆ ಹೇಗೆ ಹೇಳಬೇಕು, ಎಷ್ಟು ಆಡಿಕೊಳ್ಳಬೇಕು ಎಂದು ನಾನು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ.

ಹೈವೇ ಸೇರುವಲ್ಲಿ ಒಂದು ಚಹಾ ಅಂಗಡಿ. ಟೈರಿಗೆ ಮತ್ತೆ ಗಾಳಿ ತುಂಬಿ, ಬಾಳೆಹಣ್ಣು ಸುಲಿಯುತ್ತ ಕೂತೆವು.

"ಮಗಳಾ?" ಎಂದು ಅಂಗಡಿಯವನು ಕೇಳಿದ.

"ಹೂಂ. ಕಾಲೇಜು ಓದ್ತಾ ಇದಾಳೆ," ಎಂದ ಅಪ್ಪ.

ಅಂಗಡಿಯವನು ನನ್ನ ನರೆಗೂದಲನ್ನು ನೋಡಿದ. "ಪಾಸಾಗ್ತಾ ಇಲ್ಲ, ಏನ್ಮಾಡೋದು," ಎಂದು ನಾನು ನಕ್ಕೆ. ಅಪ್ಪನೂ ನಕ್ಕ. ಅವನು ತಮಾಷೆಗೆ ಹೇಳಿದನೋ ನಿಜವಾಗಿಯೇ ಹೇಳಿದನೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಹೈವೇಯಲ್ಲಿ ಲಾರಿಗಳ ಗಾಳಿಗೆ ಸೈಕಲ್ಲು ಅಲುಗುತ್ತಿತ್ತು. ಬಿಳಿ ಗೆರೆಯ ಆಚೆ, ರಸ್ತೆಯ ಎಡ ಅಂಚಿನಲ್ಲಿ, ಅವನ ಹಿಂದಿನ ಚಕ್ರಕ್ಕೂ ನನ್ನ ಮುಂದಿನ ಚಕ್ರಕ್ಕೂ ಒಂದು ಮೊಳದ ಅಂತರದಲ್ಲಿ ಹೋಗುತ್ತಿದ್ದೆವು. ಎಪ್ಪತ್ತನೇ ಕಿಲೋಮೀಟರಿನ ಹತ್ತಿರ ಅಪ್ಪನ ಎಡಗೈ ಕೆಳಗಿಳಿಯಿತು. ಬೆರಳು ಎಡಕ್ಕೆ. ನಾನು ಕಣ್ಣುಮುಚ್ಚಿ ನಂಬಿ ಬಲಕ್ಕೆ ತಿರುಗಿಸಿದೆ.

ಗುಂಡಿ ಇದ್ದದ್ದು ಬಲಕ್ಕೆ.

ಮುಂದಿನ ಚಕ್ರ ಒಳಗೆ ಕುಸಿಯಿತು. ಹಿಂದಿನಿಂದ ಲಾರಿಯ ಹಾರ್ನು ಕಿವಿಗೆ ಅಪ್ಪಳಿಸಿತು. ಹೇಗೆ ಎಡಕ್ಕೆ ಬಿದ್ದೆನೋ ಗೊತ್ತಿಲ್ಲ, ಬಿದ್ದೆ. ಲಾರಿ ನನ್ನ ಕಾಲಿನ ಪಕ್ಕದಲ್ಲೇ ಹಾದು ಹೋಯಿತು. ಅಪ್ಪ ಸೈಕಲ್ಲು ಬಿಸಾಕಿ ಓಡಿ ಬಂದ.

"ತೋರಿಸಿದ್ನಲ್ಲೇ! ಎಡಕ್ಕೆ ಬಾ ಅಂತ ಕೈ ತೋರಿಸಿದ್ನಲ್ಲ! ಬಲಕ್ಕೆ ಯಾಕೆ ಹೋದೆ?"

ನನ್ನ ಎದೆ ಧಸಕ್ಕೆಂದದ್ದು ಲಾರಿಗಲ್ಲ, ಆ ಮಾತಿಗೆ. ಎಡಕ್ಕೆ ಬಾ ಅಂತೆ! ಮೂವತ್ತು ವರ್ಷದ ಪಾಠ ಅವನ ತಲೆಯೊಳಗೆ ಯಾವಾಗಲೋ ಮಗುಚಿಕೊಂಡಿತ್ತು.

"ನಾನೇ ನೋಡ್ಲಿಲ್ಲಪ್ಪ. ನನ್ನದೇ ತಪ್ಪು," ಎಂದೆ.

"ಊರಿಗೆಲ್ಲ ಕನ್ನಡಕ ಹಾಕ್ತೀಯ, ನಿನ್ನ ಕಣ್ಣು ನೋಡ್ಕೊಳ್ಳಲ್ಲ," ಎಂದು ಬೈಯುತ್ತ ಊದಿದ ಮಣಿಕಟ್ಟಿಗೆ ಕರವಸ್ತ್ರ ಬಿಗಿದ. ಕನ್ನಡಕದ ಅಂಗಡಿ ಇಟ್ಟ ಹದಿನೈದು ವರ್ಷದಲ್ಲಿ ಆ ಬೈಗುಳ ಕೇಳಿದ್ದು ಅದೇ ಮೊದಲು.

ಉಳಿದ ನಲವತ್ತು ಕಿಲೋಮೀಟರು ನಾನು ಅವನ ಬೆರಳು ನಂಬಲಿಲ್ಲ. ಕತ್ತು ಚಾಚಿ, ಅವನ ಹೆಗಲ ಆಚೆ ನೋಡುತ್ತ ರಸ್ತೆಯನ್ನು ನಾನೇ ಹುಡುಕಿಕೊಂಡೆ. ಬೆರಳು ಒಮ್ಮೆ ಸರಿಯಿರುತ್ತಿತ್ತು, ಒಮ್ಮೆ ತಪ್ಪು. ಪ್ರತಿ ಸಲವೂ ತಪ್ಪಾಗಿದ್ದಿದ್ದರೂ ಒಂದು ದಾರಿಯಿತ್ತು, ಉಲ್ಟಾ ಓದಿಕೊಳ್ಳಬಹುದಿತ್ತು. ಅಪ್ಪ ಪ್ರತಿ ಸಲವೂ ತೋರಿಸಿ, ಹಿಂದೆ ತಿರುಗಿ ನಾನು ಸರಿಯಾಗಿ ಬಂದೆನೇ ಎಂದು ನೋಡುತ್ತಿದ್ದ. ಹಾಗೆ ತಿರುಗಿದಾಗ ಅವನ ಸೈಕಲ್ಲು ಲಾರಿಗಳ ಕಡೆಗೆ ವಾಲುತ್ತಿತ್ತು. ನಾನು ಅಳುತ್ತಿದ್ದೆ. ಮುಂದಿದ್ದವನಿಗೆ ಅದು ಬೆವರಿನಂತೆ ಕಂಡಿರಬೇಕು. ಅಕ್ಕ ಹೇಳಿದ್ದು ಸರಿ ಎಂದು ಗೊತ್ತಿದ್ದೂ, ಸುಳ್ಳು ಹೇಳುವುದೆಂದು ಗಟ್ಟಿ ಮಾಡಿಕೊಂಡೆ. ಅವನಿಂದ ಸೈಕಲ್ಲು ಕಿತ್ತುಕೊಳ್ಳುವ ಕೈ ನನ್ನದಾಗಬಾರದು.

ನಾಲ್ಕು ಗಂಟೆಗೆ ತಲುಪಿದೆವು. ಅಕ್ಕ ಮೊದಲು ನೋಡಿದ್ದು ನನ್ನ ಮಣಿಕಟ್ಟು.

"ಏನಾಯ್ತು? ಅಪ್ಪ ಏನಾದ್ರೂ..."

"ಏನೂ ಇಲ್ಲ. ನಾನೇ ಬಿದ್ದೆ. ಅಪ್ಪಂದು ಒಂದೂ ತಪ್ಪಿಲ್ಲ."

"ನಿಜ ಹೇಳ್ತಿದೀಯಾ?"

"ಹೂಂ."

ಕೈ ತೊಳೆಯಲು ಬಚ್ಚಲಿಗೆ ಹೋದೆ. ಅಡುಗೆಮನೆಗೂ ಬಚ್ಚಲಿಗೂ ನಡುವೆ ತೆಳು ಗೋಡೆ. ಅಪ್ಪ ದನಿ ತಗ್ಗಿಸಿ ಅಕ್ಕನ ಹತ್ತಿರ ಮಾತಾಡುತ್ತಿದ್ದುದು ಕೇಳಿಸಿತು.

"ನೋಡು, ನಿನ್ನ ತಂಗಿ ಇನ್ನು ಹೈವೇಗೆ ಹೋಗಬಾರದು. ನಾನು ಕೈ ತೋರಿಸಿದ್ರೂ ಅರ್ಥ ಆಗ್ತಾ ಇಲ್ಲ ಅವಳಿಗೆ. ಇವತ್ತು ಲಾರಿ ಕೆಳಗೆ ಹೋಗಿಬಿಡೋಳು. ಬೇಡ ಅಂದ್ರೆ ಕೇಳಲ್ಲ, ನನ್ನ ಹಾಗೇ ಹಟ. ನಾನು ಬಿಟ್ರೆ ಅವಳೂ ಬಿಡ್ತಾಳೆ. ನನ್ನ ಸೈಕಲ್ಲು ಯಾರಿಗಾದ್ರೂ ಕೊಟ್ಬಿಡಮ್ಮ."

"ಅಪ್ಪ, ನೀನು..."

"ಅವಳಿಗೆ ಹೇಳ್ಬೇಡ. ತನ್ನಿಂದಾಗಿ ಅಪ್ಪ ಸೈಕಲ್ಲು ಬಿಟ್ಟ ಅಂತ ನೊಂದ್ಕೋತಾಳೆ. ನನಗೆ ಮಂಡಿ ನೋವು ಅಂತ ಹೇಳ್ತೀನಿ."

ನಲ್ಲಿಯ ನೀರು ಹರಿಯುತ್ತಲೇ ಇತ್ತು. ಹೊರಗೆ ಬಂದಾಗ ಅಕ್ಕ ನನ್ನ ಮುಖವನ್ನೇ ನೋಡಿದಳು. ಅವಳಿಗೆ ಎಲ್ಲ ಅರ್ಥವಾಗಿತ್ತು, ಅವಳ ಕಣ್ಣೂ ತುಂಬಿತ್ತು.

ಅಪ್ಪ ಕುರ್ಚಿಯಲ್ಲಿ ಕೂತು ಪ್ಯಾಂಟು ಮೇಲೆತ್ತಿ ಮಂಡಿ ಉಜ್ಜಿಕೊಳ್ಳುತ್ತಿದ್ದ. ಐದು ನಿಮಿಷದ ಹಿಂದೆ ಅದೇ ಕಾಲಿನಲ್ಲಿ ಸೈಕಲ್ಲು ಹೊತ್ತು ಹನ್ನೆರಡು ಮೆಟ್ಟಿಲು ಹತ್ತಿದ್ದ.

"ಮಂಡಿ ಹಿಡ್ಕೊಂಡಿದೆ ಪುಟ್ಟಿ. ಇನ್ನು ನನ್ನ ಕೈಲಿ ಆಗಲ್ಲ. ನೀನೂ ಒಬ್ಬಳೇ ಹೋಗ್ಬೇಡ, ಆಯ್ತಾ?"

"ಆಯ್ತಪ್ಪ," ಎಂದೆ.

ಅಕ್ಕ ಒಳಗಿನಿಂದ ಮುಲಾಮು ತಂದುಕೊಟ್ಟಳು. ನಾನು ನೆಲದ ಮೇಲೆ ಕೂತು, ನೋವಿಲ್ಲದ ಅವನ ಮಂಡಿಗೆ ನಿಧಾನವಾಗಿ ಹಚ್ಚಿದೆ.