ಬಾಮ್ಸೆಗೆ ಓದು ಬಾರದು

ಟೆರ್ನೆ ದ್ವೀಪದ ತನ್ನ ಶಾಲೆ ಪರೀಕ್ಷೆಯಲ್ಲಿ ಜಿಲ್ಲೆಗೇ ಮೊದಲು ಎಂದು ಗುನ್ವೋರ್ ಟೀಚರಿಗೆ ಭಾರೀ ಜಂಭ. ಮಕ್ಕಳು ಮಾತ್ರ ಏಳೇ ಏಳು. ಹತ್ತು ಮಕ್ಕಳಿಲ್ಲದಿದ್ದರೆ ಶಾಲೆಗೆ ಬೀಗ ಎಂದು ಶಿಕ್ಷಣ ಕಚೇರಿ ಕಾಗದ ಬರೆದಿತ್ತು. ಎಣಿಸಲು ನೆಸ್ಸೆ ಎಂಬ ಅಧಿಕಾರಿ ಬರುವುದಿತ್ತು, ಅದೂ ಮೇ ಹದಿನೇಳರಂದು.

ಅದು ನಾರ್ವೆಯ ನಾಡಹಬ್ಬ, ಮಕ್ಕಳ ಮೆರವಣಿಗೆಯ ದಿನ. ಟೆರ್ನೆಯಲ್ಲಿ ಮುದುಕರೂ ಮೆರವಣಿಗೆಯಲ್ಲೇ ನಡೆಯುವುದರಿಂದ ನಿಂತು ನೋಡಲು ಒಂದು ನರಪಿಳ್ಳೆಯೂ ಉಳಿಯುವುದಿಲ್ಲ.

"ಈ ಸಲ ನೋಡೋಕೆ ಒಬ್ಬ ಸಿಕ್ಕಿದ್ದಾನಲ್ಲ, ಟೀಚರಮ್ಮ," ಎಂದ ಡೋಲು ಬಡಿಯುವ ಅಂಗಡಿ ಐಲರ್ಟ್. "ಮೀನಿನ ಶೆಡ್ ಹಿಂದಿಂದ ಮಕ್ಕಳನ್ನ ಮೂರು ಸುತ್ತು ಹೊಡೆಸೋಣ. ಟೋಪಿ ಬದಲಾಯಿಸಿದ್ರೆ ಆಯ್ತು."

"ಮೋಸ ಅಲ್ವೇನೋ?"

"ಮೋಸ ಎಲ್ಲಿ ಬಂತು? ಮೆರವಣಿಗೆ ಸ್ವಲ್ಪ ಉದ್ದ ಆಯ್ತು, ಅಷ್ಟೇ."

ಹಬ್ಬದ ದಿನ ನೆಸ್ಸೆ ಐಸ್‌ಕ್ರೀಮ್ ಪೆಟ್ಟಿಗೆ ಇಟ್ಟುಕೊಂಡು ನಿಂತ. ಹೆಸರು ಹೇಳಿದವರಿಗೆ ಒಂದು ಐಸ್‌ಕ್ರೀಮ್. ಎರಡನೇ ಸುತ್ತಿಗೆ ಮಕ್ಕಳು ಅಜ್ಜ ಅಜ್ಜಿಯರ ಹೆಸರು ಹೇಳಿದರು. ಮೂರನೆಯದರಲ್ಲಿ ಹೆಸರುಗಳೇ ಸಾಲದೆ ಪುಟ್ಟ ಒಡ್ನಿ ತನ್ನ ನಾಯಿಯ ಹೆಸರು ಹೇಳಿದಳು. ನೆಸ್ಸೆ ಅದನ್ನೂ ಬರೆದುಕೊಂಡ. ಒಟ್ಟು ಇಪ್ಪತ್ತೊಂದು.

ಶರತ್ಕಾಲದ ಪರೀಕ್ಷೆ ಮುಗಿದ ಮೇಲೆ ಕಚೇರಿಯಿಂದ ಇನ್ನೊಂದು ಕಾಗದ ಬಂತು. ಏಳು ಮಕ್ಕಳು ಚೆನ್ನಾಗಿ ಬರೆದಿದ್ದಾರೆ, ಪರೀಕ್ಷೆಗೇ ಬಾರದ ಹದಿನಾಲ್ವರಿಗೆ ಸೊನ್ನೆ, ಹಾಗಾಗಿ ಶಾಲೆ ಜಿಲ್ಲೆಗೇ ಕೊನೆ. ಸುಧಾರಿಸಲು ಒಬ್ಬ ಸಲಹೆಗಾರರು ಎರಡು ವರ್ಷ ಅಲ್ಲೇ ನೆಲೆಸುತ್ತಾರೆ. ಅಲ್ಲಿಯವರೆಗೆ ಮುಚ್ಚುವ ಮಾತಿಲ್ಲ.

ಗುನ್ವೋರಿಗೆ ಅವಮಾನದಿಂದ ಮೈಯೆಲ್ಲ ಉರಿಯಿತು. "ನಿಜ ಹೇಳಿಬಿಡ್ತೀನಿ."

"ಹೇಳಿದ್ರೆ ಬೀಗ, ಹೇಳದಿದ್ರೆ ದಡ್ಡರ ಶಾಲೆ," ಎಂದ ಐಲರ್ಟ್. "ಯಾವುದು ಬೇಕೋ ನೀವೇ ನೋಡ್ಕೊಳ್ಳಿ."

ಎರಡು ದಿನ ಅವಳು ಕಚೇರಿಗೆ ಉತ್ತರ ಬರೆದು ಬರೆದು ಹರಿದಳು. ಮೂರನೇ ದಿನ ಕಾಗದವನ್ನು ಮಡಿಸಿ ಬೀರುವಿನಲ್ಲಿಟ್ಟಳು.

ಸಲಹೆಗಾರ ಯೋಸ್ಟೈನ್ ಹೆಂಡತಿ, ಮೂರು ಮಕ್ಕಳು ಮತ್ತು ಒಂದು ಪಿಯಾನೋ ಸಮೇತ ಬಂದಿಳಿದ. ಊರ ಗಂಡಸರು ಪಿಯಾನೋ ಹೊತ್ತು ದಿಬ್ಬದ ಅರ್ಧ ಹತ್ತುವಷ್ಟರಲ್ಲಿ ದೋಣಿ ಹೊರಟುಹೋಯಿತು. ಯೋಸ್ಟೈನ್ ಶಾಲೆಯ ಅಂಗಳದಲ್ಲಿ ಮಕ್ಕಳ ಹೆಸರಿನ ಪಟ್ಟಿ ಬಿಚ್ಚಿದ.

"ಮೊದಲು ಬಾಮ್ಸೆಯನ್ನ ಕರೀರಿ ಮೇಡಂ. ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗಿರೋನು ಅವನೇ."

ಗುನ್ವೋರ್ ಹಾಜರಿ ಪುಸ್ತಕ ತಿರುವತೊಡಗಿದಳು. ಒಡ್ನಿಯೇ ಕೂಗಿದಳು. ಬಾಮ್ಸೆ ಬಾಲ ಆಡಿಸುತ್ತ ಬಂದು ಯೋಸ್ಟೈನನ ಮೊಣಕಾಲ ಮೇಲೆ ಕಾಲಿಟ್ಟಿತು.

ಯೋಸ್ಟೈನ್ ನಾಯಿಯನ್ನು ನೋಡಿದ, ಏಳು ಮಕ್ಕಳನ್ನು ನೋಡಿದ, ದಿಬ್ಬದ ಮೇಲೆ ಏದುಸಿರು ಬಿಡುತ್ತಿದ್ದ ಗಂಡಸರನ್ನು ನೋಡಿದ. ಅವನ ಮೂರೂ ಮಕ್ಕಳು ಆಗಲೇ ಶಾಲೆಯ ಉಯ್ಯಾಲೆ ಹತ್ತಿದ್ದರು. ಅವನು ನಿಧಾನವಾಗಿ ಬರೆದ: 'ಬಾಮ್ಸೆಗೆ ಓದು ಬಾರದು. ಕರೆದರೆ ಬರುತ್ತಾನೆ. ಸುಧಾರಣೆಗೆ ಎರಡು ವರ್ಷ ಸಾಲದು.'

ಮರುದಿನ ಗುನ್ವೋರ್ ಹಾಜರಿ ಕರೆದಳು. ಯೋಸ್ಟೈನನ ಮೂವರೂ ಸೇರಿ ಹತ್ತು, ಒಂದೂ ಸುಳ್ಳಲ್ಲ. ಆಮೇಲೆ ಅಕ್ಷರ ಕಲಿಸುವುದು ಹೇಗೆಂದು ಸಲಹೆಗಾರನಿಂದ ಕಲಿಯಲು ಮೊದಲ ಬೆಂಚಿನಲ್ಲಿ ಬಾಮ್ಸೆಯ ಪಕ್ಕ ಕೂತಳು. ಮೂವತ್ತು ವರ್ಷ ಪಾಠ ಹೇಳಿದವಳ ಬರವಣಿಗೆ ದುಂಡಗಿಲ್ಲ ಎಂದ ಯೋಸ್ಟೈನ್. ಅವಳು ಹಲ್ಲು ಕಚ್ಚಿಕೊಂಡು, ನಗುತ್ತಲೇ, ಇನ್ನೊಮ್ಮೆ ಬರೆದಳು.